ಎರಡು ವಾರದ ಯುದ್ಧ, 23 ವರ್ಷದ ಲೈನು: ಮಾವನವರ ಬದುಕು ಬರೆದ ಅನುಭವ

ನಮ್ಮ ಮಾವನವರು 16 ವರ್ಷ ಸೈನ್ಯದಲ್ಲಿದ್ದು, ಊರಿಗೆ ಬಂದ ಮೇಲೆ ಕೆಇಬಿಯಲ್ಲಿ ಲೈನ್‌ಮನ್ ಆಗಿ 23 ವರ್ಷ ದುಡಿದವರು. ತುಮಕೂರು ಜಿಲ್ಲೆಯ ನಮ್ಮ ಹೋಬಳಿಯಲ್ಲಿ ಅವರ ಹೆಸರು ಹೇಳಿದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ, ‘ಮಿಲಿಟರಿ ಲೈನ್‌ಮನ್’ ಅಂದರೆ ಮನೆ ಬಾಗಿಲವರೆಗೂ ಬಂದು ತೋರಿಸುತ್ತಾರೆ. ತೀರಿಕೊಂಡಾಗ ತಿಥಿಯ ದಿನಕ್ಕೆ ಊರಿನ ಹುಡುಗರು ಒಂದು ಫ್ಲೆಕ್ಸ್ ಮಾಡಿಸಿದ್ದರು. ಹಿಂದೆ ಟ್ಯಾಂಕು, ಮೇಲೆ ಮೂರು ಜೆಟ್ ವಿಮಾನ, ನಡುವೆ ಆಧಾರ್ ಕಾರ್ಡಿನಿಂದ ಕತ್ತರಿಸಿದ ಮಾವನವರ ಮುಖ, ಕೆಳಗೆ ‘ಪಾಕಿಸ್ತಾನವನ್ನು ಮಣಿಸಿದ ವೀರಯೋಧ’ ಅನ್ನುವ ಸಾಲು. ಪ್ರೀತಿಯಿಂದಲೇ ಮಾಡಿದ್ದರು. ಆದರೆ ಆ ಫ್ಲೆಕ್ಸಿನಲ್ಲಿ ಎಲ್ಲಿ ಹುಡುಕಿದರೂ ಒಂದು ಲೈಟು ಕಂಬ ಇರಲಿಲ್ಲ.

ವರ್ಷದ ತಿಥಿಗೆ ಒಂದು ಚಿಕ್ಕ ಪುಸ್ತಕ ತರೋಣ ಅಂತ ಮನೆಯವರೆಲ್ಲ ಮಾತಾಡಿಕೊಂಡಾಗ ಬರೆಯುವ ಕೆಲಸ ಸೊಸೆಯಾದ ನನಗೆ ಬಂತು. ಕನ್ನಡ ಎಂ.ಎ. ಮಾಡಿದವಳು ಅನ್ನುವುದೊಂದೇ ನನ್ನ ಅರ್ಹತೆ. ಇತಿಹಾಸ ಬರೆದವಳಲ್ಲ, ಸೈನ್ಯದ ಗಂಧ ಇಲ್ಲ. ಆ ಕಂಬ ಪುಸ್ತಕದೊಳಗೆ ಬರಬೇಕು, ಟ್ಯಾಂಕಿಗಿಂತ ದೊಡ್ಡದಾಗಿಯೇ ಬರಬೇಕು ಅನ್ನುವುದನ್ನು ಮಾತ್ರ ಶುರುವಿನಲ್ಲೇ ಗಟ್ಟಿ ಮಾಡಿಕೊಂಡೆ. ಹೇಗೆ ಬರೆದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಾರು, ಅಥವಾ ಇದ್ದು ಹೋಗಿದ್ದಾರು.

ಮೊದಲು ತೆಗೆದದ್ದು ಅಟ್ಟದ ಮೇಲಿನ ಕಪ್ಪು ಕಬ್ಬಿಣದ ಟ್ರಂಕು. ಸೈನ್ಯದಿಂದ ಬಂದವರ ಮನೆಯಲ್ಲೆಲ್ಲ ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ಆ ನಂಬರನ್ನು ಮೊದಲು ಬರೆದಿಟ್ಟುಕೊಳ್ಳಿ. ಮುಂದೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಲಿ, ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯಲಿ, ಮೊದಲು ಕೇಳುವುದು ಅದನ್ನೇ. ಹೆಸರಿನ ಕಾಗುಣಿತ ಕಾಗದದಿಂದ ಕಾಗದಕ್ಕೆ ಬದಲಾಗುತ್ತದೆ, ನಂಬರು ಬದಲಾಗುವುದಿಲ್ಲ. ಮಾವನವರ ಹೆಸರು ನಾಲ್ಕು ಕಾಗದದಲ್ಲಿ ನಾಲ್ಕು ಥರ ಇತ್ತು. ಅತ್ತೆಯವರ ಹೆಸರಂತೂ ಮದುವೆ ದಾಖಲಾದ, ‘ಪಾರ್ಟ್ ಟು ಆರ್ಡರ್’ ಅನ್ನುವ ಸೈನ್ಯದ ಚೀಟಿಯಲ್ಲಿ ಯಾರೋ ಉತ್ತರದ ಗುಮಾಸ್ತರ ಕಿವಿಗೆ ಕೇಳಿಸಿದ ಹಾಗೆ ಬಿದ್ದಿತ್ತು.

ಟ್ರಂಕಿನಲ್ಲಿ ಸಿಕ್ಕಿದ್ದರಲ್ಲಿ ಚಿನ್ನದಂಥದ್ದು ಡಿಸ್ಚಾರ್ಜ್ ಬುಕ್. ಸೈನ್ಯ ಬಿಟ್ಟು ಬರುವಾಗ ಕೊಡುವ ಪುಟ್ಟ ಪುಸ್ತಕ. ಸೇರಿದ ದಿನ, ಬಿಟ್ಟ ದಿನ, ಎತ್ತರ, ಮೈಮೇಲಿನ ಗುರುತು, ಟ್ರೇಡು ಅಂದರೆ ಸೈನ್ಯದಲ್ಲಿ ಮಾಡಿದ ಕಸುಬು, ಹೊರಗಡೆ ಆ ಟ್ರೇಡಿಗೆ ಸಮನಾದ ಕೆಲಸ, ನಡತೆ ಹೇಗಿತ್ತು, ಯಾವ ಮೆಡಲ್ಲು ಎಲ್ಲವೂ ಅದರಲ್ಲಿದೆ. ನಮ್ಮ ಮಾವನವರು 1966ರಲ್ಲಿ ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿಗೆ ಸೇರಿದವರು. ಹಲಸೂರು ಕೆರೆಯ ಪಕ್ಕದಲ್ಲಿರುವ ಅದೇ ಎಂಇಜಿ, 1780ರಿಂದ ಇರುವ ಪಡೆ. ಟ್ರೇಡು ಇಲೆಕ್ಟ್ರಿಷಿಯನ್. 1982ರಲ್ಲಿ ನಾಯಕ್ ಆಗಿ ಹೊರಬಂದರು. ನಡತೆಯ ಜಾಗದಲ್ಲಿ ‘ಎಕ್ಸೆಂಪ್ಲರಿ’ ಅಂತಿದೆ. ಆ ಪುಟಕ್ಕೆ ಮಾತ್ರ ಅವರೇ ಪ್ಲಾಸ್ಟಿಕ್ ಹಾಕಿಸಿಟ್ಟಿದ್ದರು.

ಊರಿಗೆ ಬಂದ ಹೊಸದರಲ್ಲಿ ಚಿಕ್ಕ ಹುಡುಗರನ್ನೆಲ್ಲ ‘ತಂಬಿ’ ಅಂತ ಕರೆಯುತ್ತಿದ್ದರಂತೆ. ಮಿಲಿಟರಿಗೆ ಹೋದವನು ತಮಿಳರವನಾಗಿ ಬಂದ ಅಂತ ಊರು ನಕ್ಕಿತ್ತು. ಮದ್ರಾಸ್ ಸ್ಯಾಪರ್‌ಗಳನ್ನು, ಅಂದರೆ ಎಂಇಜಿಯ ಸೈನಿಕರನ್ನು, ಇಡೀ ಸೈನ್ಯವೇ ‘ತಂಬಿ’ ಅಂತ ಕರೆಯುತ್ತದೆ ಅನ್ನುವುದು ನನಗೂ ಆಮೇಲೆ ಗೊತ್ತಾದದ್ದು.

ಹುಟ್ಟಿದ ದಿನದ ತೊಡಕು ಬಂದೇ ಬರುತ್ತದೆ, ಅದಕ್ಕೆ ತಯಾರಿರಿ. ಡಿಸ್ಚಾರ್ಜ್ ಬುಕ್ಕಿನಲ್ಲಿ 1-7-1948. ಆ ಕಾಲದ ಶಾಲೆ ದಾಖಲೆಗಳಲ್ಲಿ ಜೂನ್, ಜುಲೈ ಒಂದನೇ ತಾರೀಖು ಹುಟ್ಟಿದವರ ಸಂಖ್ಯೆ ನೋಡಿದರೆ ನಮ್ಮ ಸೀಮೆಯಲ್ಲಿ ಬೇರೆ ತಿಂಗಳಲ್ಲಿ ಹೆರಿಗೆಯೇ ಆಗುತ್ತಿರಲಿಲ್ಲವೇನೋ ಅನ್ನಿಸುತ್ತದೆ. ಮೇಷ್ಟ್ರು ಹಾಕಿದ್ದೇ ಜನ್ಮದಿನ. ಆದರೆ ಮನೆಯ ಹಳೇ ಪಂಚಾಂಗದ ಹಿಂಬದಿಯಲ್ಲಿ ‘ಸರ್ವಜಿತ್ ಸಂವತ್ಸರ, ಶ್ರಾವಣ’ ಅಂತ ಬರೆದಿತ್ತು. ಸರ್ವಜಿತ್ ಅಂದರೆ 1947. ಮಾವನವರ ಸೋದರತ್ತೆಯೊಬ್ಬರು ಇನ್ನೂ ಇದ್ದಾರೆ, ಅವರನ್ನು ಕೇಳಿದೆ. “ಗಾಂಧಿ ಸತ್ತ ಸುದ್ದಿ ಬಂದಾಗ ಇವ್ನು ಬೋರಲು ಬೀಳ್ತಿದ್ದ ಕಣವ್ವ” ಅಂದರು. ಜನವರಿಗೆ ಐದು ತಿಂಗಳ ಕೂಸು, ಲೆಕ್ಕ ಸರಿಹೋಯಿತು. ಪುಸ್ತಕದಲ್ಲಿ ಎರಡೂ ತಾರೀಖು ಹಾಕಿದೆ. ಸರ್ಕಾರ ನಂಬಿದ್ದು ಜುಲೈ ಒಂದನ್ನೇ: ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೆ ನಿವೃತ್ತರಾಗಬೇಕು ಅನ್ನುವ ನಿಯಮದಂತೆ 2006ರ ಜೂನ್ 30ಕ್ಕೆ, 58 ತುಂಬಿದವರೆಂದು ಅವರನ್ನು ಕಳಿಸಿತು.

ಮೆಡಲ್ಲಿನ ವಿಷಯಕ್ಕೆ ಮನೆಯಲ್ಲಿ ದೊಡ್ಡ ಮಾತುಕತೆಯೇ ಆಯಿತು. ಐದು ಮೆಡಲ್ಲು, ಎಲ್ಲ ಶೌರ್ಯಕ್ಕೇ ಬಂದವು ಅಂತ ಮಕ್ಕಳು ತಿಳಿದಿದ್ದರು. ನಾನು ಒಂದೊಂದನ್ನೇ ಹುಣಸೆಹಣ್ಣು ಹಾಕಿ ಉಜ್ಜಲು ಹೋಗಲಿಲ್ಲ, ನೀವೂ ಹೋಗಬೇಡಿ. ದುಂಡು ಮೆಡಲ್ಲಿನ ಅಂಚಿನಲ್ಲಿ ಕೊರೆದ ನಂಬರು, ಹೆಸರು ಸವೆದುಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ಓದಿದೆ. ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್ ಎರಡೂ 1971ರ ಯುದ್ಧದವು; ಪೂರ್ವದ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ. ಒಂದು ಸ್ವಾತಂತ್ರ್ಯದ 25ನೇ ವರ್ಷದ್ದು. ಒಂದು 9 ವರ್ಷದ ದೀರ್ಘ ಸೇವೆಗೆ. ಐದನೆಯದು ಸೈನ್ಯ ಸೇವಾ ಮೆಡಲ್. ಅದರ ರಿಬ್ಬನ್ನಿನ ಮೇಲೆ ಎರಡು ಲೋಹದ ಪಟ್ಟಿ, ಒಂದರಲ್ಲಿ ಜಮ್ಮು-ಕಾಶ್ಮೀರ, ಇನ್ನೊಂದರಲ್ಲಿ ಬಂಗಾಳ-ಅಸ್ಸಾಂ. ಅಲ್ಲಿದ್ದವರಿಗೆ, ಆ ಸೇವೆ ಮಾಡಿದವರಿಗೆ ಕೊಡುವ ಮೆಡಲ್ಲುಗಳಿವು. ಶೌರ್ಯದ್ದು ಬೇರೆ: ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಸೇನಾ ಮೆಡಲ್, ಅವು ಬಂದಿದ್ದರೆ ಭಾರತದ ಗೆಜೆಟ್ಟಿನಲ್ಲಿ ಹೆಸರಿರುತ್ತದೆ.

ಇದನ್ನು ಹೇಳಿದಾಗ ನನ್ನ ಮೈದುನನ ಮುಖ ಸಣ್ಣದಾಯಿತು. ‘ಶೌರ್ಯ ಪದಕಗಳು’ ಅಂತಲೇ ಬರೆಯೋಣ, ಯಾರು ನೋಡ್ತಾರೆ ಅಂದ. ನೋಡುವವರಿದ್ದಾರೆ. ತಾಲ್ಲೂಕಿನ ಮಾಜಿ ಸೈನಿಕರು ರಿಬ್ಬನ್ನಿನ ಬಣ್ಣ ನೋಡಿಯೇ ಯಾವ ಮೆಡಲ್ಲು ಅಂತ ಹೇಳುತ್ತಾರೆ. ಅಂತ್ಯಕ್ರಿಯೆಯ ದಿನ ಊರವರು ತ್ರಿವರ್ಣ ಧ್ವಜ ಹೊದಿಸಲು ಹೊರಟಾಗಲೂ ತಡೆದವರು ಅವರೇ. ಸರ್ಕಾರಿ ಗೌರವದ ಅಥವಾ ಸೈನಿಕ ಅಂತ್ಯಕ್ರಿಯೆಗೆ ಬಿಟ್ಟರೆ ಧ್ವಜ ಹೊದಿಸುವಂತಿಲ್ಲ ಅಂತ ಹೇಳಿ, ತಾವು ತಂದಿದ್ದ ಹೂಚಕ್ರ ಇಟ್ಟು ಸೆಲ್ಯೂಟ್ ಹೊಡೆದು ಹೋದರು. ಅಂಥವರ ಕೈಗೆ ಸುಳ್ಳು ಬರೆದ ಪುಸ್ತಕ ಕೊಡುವುದು ಹೇಗೆ? ಇದ್ದದ್ದನ್ನೇ ಬರೆದೆ, ಪಟ್ಟಿಗಳ ಅರ್ಥದ ಸಮೇತ.

ಆ ‘ಬಂಗಾಳ-ಅಸ್ಸಾಂ’ ಪಟ್ಟಿ ನೋಡಿ ಅತ್ತೆಯವರೇ ಬೆರಗಾದರು. ಮಾವನವರು ಆ ಕಡೆ ಇದ್ದರು ಅನ್ನುವುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಗ ಕಾಗದಗಳ ಕಟ್ಟು ಬಿಚ್ಚಿದೆ. ಸೈನಿಕರ ಕಾಗದದಲ್ಲಿ ಊರಿನ ಹೆಸರು ಇರುವುದಿಲ್ಲ, ಬರೆಯುವಂತಿರಲಿಲ್ಲ. ಯೂನಿಟ್ಟಿನ ಹೆಸರು, ಕೆಳಗೆ 56 ಎಪಿಒ ಅಥವಾ 99 ಎಪಿಒ, ಅಷ್ಟೇ. ಎಪಿಒ ಅಂದರೆ ಸೈನ್ಯದ ಅಂಚೆ ಕಚೇರಿ. ಆದರೆ ಆ ಎರಡು ಅಂಕಿಯೇ ಸಾಕು: 56 ಅಂದರೆ ಪಂಜಾಬ್, ಕಾಶ್ಮೀರದ ಕಡೆ, 99 ಅಂದರೆ ಪೂರ್ವದ ಕಡೆ. ಇನ್‌ಲ್ಯಾಂಡ್ ಲೆಟರುಗಳನ್ನು ಎರಡು ಗುಂಪು ಮಾಡಿ, ತಾರೀಖಿನ ಪ್ರಕಾರ ಜೋಡಿಸಿದರೆ ಯಾವ ವರ್ಷ ಎಲ್ಲಿದ್ದರು ಅನ್ನುವುದು ತಾನಾಗಿ ಎದ್ದು ಬಂತು. 1969ರ ಕಾಗದಗಳೆಲ್ಲ 99. ಒಂದರಲ್ಲಿ “ಇಲ್ಲಿ ಮಳೆ ನಿಲ್ಲುವುದೇ ಇಲ್ಲ, ಜಿಗಣೆ ಕಾಟ” ಅಂತಿದೆ. ಮಳೆಗೆ ಆಕಾಶ ನೋಡುವ ಸೀಮೆಯಿಂದ ಹೋದವರು ಅದನ್ನು ದೂರಿನ ಹಾಗೆ ಬರೆದಿದ್ದರು.

ಉಳಿದಂತೆ ಕಾಗದಗಳು ನೀರಸ. “ನಾನು ಕ್ಷೇಮ, ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕೆಂದ ಹಸು ಈಯಿತೇ? ಸೊಸೈಟಿ ಸಾಲ ಕಟ್ಟಿರಿ.” ಎಲ್ಲವೂ ಹೀಗೇ. ಹೆಂಡತಿಗೆ ಒಂದು ಒಳ್ಳೇ ಮಾತಿಲ್ಲವಲ್ಲ ಅಂತ ನನಗೆ ಬೇಸರವಾಯಿತು. ಅತ್ತೆ ನಕ್ಕುಬಿಟ್ಟರು. ಅವರಿಗೆ ಓದು ಬರುತ್ತಿರಲಿಲ್ಲ. ಕಾಗದವನ್ನು ಶಾಲೆ ಮೇಷ್ಟ್ರು ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು, ಮನೆಯವರಷ್ಟೇ ಅಲ್ಲ ಪಕ್ಕದ ಮನೆಯವರೂ ಬಂದು ಕೇಳುತ್ತಿದ್ದರು. “ಅಂಥಾದ್ರಾಗೆ ಏನು ಬರೀತಾರೆ?” ನಿಜ. ಹಳೆಯ ಕಾಗದ ಓದುವಾಗ ಬರೆದವರು ಯಾರು ಅನ್ನುವುದರ ಜೊತೆಗೆ ಯಾರು ಓದಿ ಹೇಳುತ್ತಿದ್ದರು ಅಂತಲೂ ಕೇಳಿಕೊಳ್ಳಬೇಕು. ಮಾತು ಇದ್ದದ್ದು ಮನಿಯಾರ್ಡರಿನಲ್ಲಿ. ಫಾರಮ್ಮಿನ ಕೆಳಗೆ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತಲ್ಲ, ಆ ಚೀಟಿಗಳನ್ನು ಅತ್ತೆ ಅರಿಶಿನದ ಡಬ್ಬಿಯಲ್ಲಿ ಮಡಿಸಿಟ್ಟಿದ್ದರು. ಒಂದರಲ್ಲಿ, “ಇದರಲ್ಲಿ ಹತ್ತು ರೂಪಾಯಿ ನಿನ್ನದು, ಅಮ್ಮನಿಗೆ ಲೆಕ್ಕ ಕೊಡಬೇಡ.” ಇದನ್ನೂ ಮೇಷ್ಟ್ರು ಗಟ್ಟಿಯಾಗಿಯೇ ಓದಿದರಂತೆ. ಆಮೇಲೆ ಮನೆಯಲ್ಲಿ ಏನಾಯಿತು ಅನ್ನುವುದನ್ನು ಅತ್ತೆ ಹೇಳಲಿಲ್ಲ.

ಯುದ್ಧದ ಬಗ್ಗೆ ಅವರ ಮಾತು ನನ್ನ ಫೋನಿನಲ್ಲಿತ್ತು. 2020ರ ಲಾಕ್‌ಡೌನಿನಲ್ಲಿ ನಾವೆಲ್ಲ ಊರಿನಲ್ಲೇ ಇದ್ದೆವು, ಸಂಜೆ ಹೊತ್ತು ಸುಮ್ಮನೆ ಮಾತಾಡಿಸುತ್ತಾ ರೆಕಾರ್ಡ್ ಮಾಡಿದ್ದೆ. ಯುದ್ಧದಲ್ಲಿ ಏನಾಯ್ತು ಮಾವ ಅಂತ ಕೇಳಿದರೆ “ಏನಾಗ್ತದೆ, ಯುದ್ಧ ಆಯ್ತು” ಅಂದು ಎಲೆಅಡಿಕೆಗೆ ಕೈ ಹಾಕುತ್ತಿದ್ದರು. ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಹೀಗೆ ಕೇಳಿ ಬರಿಗೈಲಿ ಎದ್ದವರೇ. ನಾನು ಬೇರೆ ಕಡೆಯಿಂದ ಬಂದೆ. ಆವಾಗ ಊಟ ಏನಿತ್ತು ಅಂದೆ. “ಶಕ್ಕರ್‌ಪಾರೆ. ಪೂರಿ. ಪೂರಿ ಚಳಿಗೆ ಹಲಗೆ ಆಗಿರ್ತಿತ್ತು.” ಶಕ್ಕರ್‌ಪಾರೆ ಅಂದರೆ ಎಣ್ಣೆಯಲ್ಲಿ ಕರಿದ ಸಿಹಿ ಬಿಲ್ಲೆ, ನಮ್ಮ ಶಂಕರಪೋಳಿ, ಒಲೆ ಹಚ್ಚಲಾಗದ ಕಡೆ ಸೈನಿಕರ ಜೇಬಿನಲ್ಲಿರುವ ಊಟ. ಯಾಕೆ ಒಲೆ ಹಚ್ಚುವಂತಿರಲಿಲ್ಲ ಅಂತ ಕೇಳಿದೆ. ಅಲ್ಲಿಂದ ಕತೆ ತಾನಾಗಿ ಬಿಚ್ಚಿಕೊಂಡಿತು. ಭಾವನೆ ಕೇಳಬೇಡಿ, ವಸ್ತು ಕೇಳಿ. ಬೂಟು ಹೇಗಿತ್ತು, ಕಂಬಳಿ ಎಷ್ಟು ಕೊಡುತ್ತಿದ್ದರು, ಕೈಲಿ ಏನು ಹಿಡಿದಿದ್ರಿ? ಹಿಡಿದದ್ದನ್ನು ಹೇಳುವಾಗ ಕೈ ಅಲ್ಲಾಡುತ್ತದೆ, ಕೈ ಅಲ್ಲಾಡಿದರೆ ನೆನಪು ಬರುತ್ತದೆ.

ಅವರು ಕೈಲಿ ಹಿಡಿದಿದ್ದು ಪ್ರಾಡರ್, ನೆಲ ಚುಚ್ಚಿ, ಹೂತಿಟ್ಟ ಮೈನ್ (ನೆಲಬಾಂಬು) ಹುಡುಕುವ ಉದ್ದನೆಯ ಕಡ್ಡಿ. ಗೋಣಿಚೀಲ ಹೊಲಿಯುವ ದಬ್ಬಳ ತರಿಸಿ ಅಂಗಳದಲ್ಲಿ ಬೋರಲು ಮಲಗಿ ತೋರಿಸಿದರು, 73ನೇ ವಯಸ್ಸಿನಲ್ಲಿ. ನೇರವಾಗಿ ಚುಚ್ಚಬಾರದು, ಮೈನಿನ ತಲೆ ಮೇಲೆ ಬೀಳ್ತದೆ. ಓರೆಯಾಗಿ, 30 ಡಿಗ್ರಿಯಲ್ಲಿ ತಳ್ಳಬೇಕು, ಪಕ್ಕೆಗೆ ತಾಗಬೇಕು. ಸ್ವಲ್ಪವೇ ಬಿಟ್ಟು ಇನ್ನೊಂದು ಸಲ. ತಾಗಿದರೆ ನಿಲ್ಲು, ಮಣ್ಣು ಬೆರಳಲ್ಲಿ ಬಿಡಿಸು. ಕ್ಲಿಯರ್ ಆದ ದಾರಿಗೆ ಎರಡೂ ಕಡೆ ಬಿಳಿ ಟೇಪ್. ಇದೆಲ್ಲ ಕತ್ತಲಲ್ಲಿ, ಡಿಸೆಂಬರಿನ ಮಂಜಿನಲ್ಲಿ, ಮೇಲಿಂದ ಶೆಲ್ ಬೀಳುತ್ತಿರುವಾಗ.

ಜಾಗ ಶಕರ್‌ಗಢ ಸೆಕ್ಟರ್, ಬಸಂತರ್ ನದಿ, ಪಾಕಿಸ್ತಾನದ ಗಡಿಯ ಕಡೆ. ಮದ್ರಾಸ್ ಸ್ಯಾಪರ್ಸ್‌ನ 9ನೇ ಇಂಜಿನಿಯರ್ ರೆಜಿಮೆಂಟ್ ಅಲ್ಲಿ ಮೈನ್‌ಫೀಲ್ಡಿನಲ್ಲಿ ದಾರಿ ಬಿಡಿಸುತ್ತಿತ್ತು. ದಾರಿ ಪೂರ್ತಿಯಾಗುವುದಕ್ಕೆ ಮೊದಲೇ ಪೂನಾ ಹಾರ್ಸ್‌ನ ಟ್ಯಾಂಕುಗಳು ದಾಟಿದವು. 1971ರ ಡಿಸೆಂಬರ್ 16ರಂದು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಮಡಿದು ಪರಮವೀರ ಚಕ್ರ ಪಡೆದದ್ದು ಈ ಕಾಳಗದಲ್ಲೇ. ಇತಿಹಾಸದ ಪುಸ್ತಕಗಳಲ್ಲಿರುವುದು ಇಷ್ಟು. ಮಾವನವರ ನೆನಪಿನಲ್ಲಿ ಟ್ಯಾಂಕು ಇದ್ದದ್ದು ಸದ್ದಾಗಿ ಮಾತ್ರ. “ನಾವು ನೆಲ ನೋಡ್ತಿದ್ವಿ. ತಲೆ ಎತ್ತಿದ್ರೆ ತಾನೆ ಟ್ಯಾಂಕು ಕಾಣೋದು?” ಎಂಜಿನ್ ಸದ್ದು ಹಿಂದಿನಿಂದ ಹತ್ತಿರ ಬರುತ್ತಾ ಇದೆ, ಬೇಗ ಮಾಡು ಅಂತ ಯಾರೋ ಕೂಗುತ್ತಿದ್ದಾರೆ, ಈ ಕೆಲಸದಲ್ಲಿ ಬೇಗ ಅನ್ನುವುದೇ ಇಲ್ಲ. ಫ್ಲೆಕ್ಸಿನ ಟ್ಯಾಂಕು ನನಗೆ ನೆನಪಾದದ್ದು ಈ ರೆಕಾರ್ಡಿಂಗ್ ಮತ್ತೆ ಕೇಳುವಾಗ.

ಪಶ್ಚಿಮದಲ್ಲಿ ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 17ಕ್ಕೆ ನಿಂತಿತು. ಅವರ ಮಾತಿನಲ್ಲಿ ಕಷ್ಟದ ಕೆಲಸ ಬಂದದ್ದು ಆಮೇಲೆ. ನಮ್ಮವರೇ ಹೂತಿದ್ದ ಮೈನುಗಳನ್ನು ಎತ್ತಬೇಕಿತ್ತು. ಹೂಳುವಾಗ ನಕ್ಷೆ ಬರೆದಿರುತ್ತಾರೆ, ಆದರೆ ನಡುವೆ ಮಳೆ ಬಂದಿರುತ್ತದೆ, ಹುಲ್ಲು ಬೆಳೆದಿರುತ್ತದೆ, ನಕ್ಷೆಯಲ್ಲಿರುವ ಗೂಟ ಯಾರದೋ ಒಲೆಗೆ ಸೌದೆಯಾಗಿರುತ್ತದೆ. ತಿಂಗಳುಗಟ್ಟಲೆ ಆ ಕೆಲಸ. “ಯುದ್ಧದಾಗೆ ಜನ ನೋಡ್ತಾರೆ, ರೇಡಿಯೋದಾಗೆ ಹೇಳ್ತಾರೆ. ಇದನ್ನ ಯಾರೂ ಕೇಳಲಿಲ್ಲ.” ಜುಲೈ 1972ರಲ್ಲಿ ಶಿಮ್ಲಾ ಒಪ್ಪಂದ ಆಯಿತು ಅಂತ ನಾವು ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಬರೆದಿದ್ದೇವೆ. ಅವರಿಗೆ ಅದು ಇನ್ನೆಷ್ಟು ಎಕರೆ ಉಳಿದಿದೆ ಅನ್ನುವ ಲೆಕ್ಕ.

ಸೈನ್ಯದ ಭಾಗ ಇಷ್ಟಕ್ಕೆ ಸಿದ್ಧವಾಯಿತು. ಕಾಗದ ಇತ್ತು, ಮೆಡಲ್ಲಿತ್ತು, ಧ್ವನಿ ಇತ್ತು. ಸರ್ಕಾರವೇ ಅವರ ಆ 16 ವರ್ಷವನ್ನು ಜೋಪಾನವಾಗಿ ಬರೆದಿಟ್ಟಿತ್ತು. 1983ರಿಂದ 2006ರವರೆಗಿನ 23 ವರ್ಷಕ್ಕೆ ಮನೆಯಲ್ಲಿದ್ದದ್ದು ಏನು? ಪಿಂಚಣಿ ಆದೇಶ, ನಿವೃತ್ತಿ ದಿನ ಹಾಕಿದ ಶಾಲಿನ ಗ್ರೂಪ್ ಫೋಟೋ, ಒಂದು ಕಟಿಂಗ್ ಪ್ಲೇಯರ್. ಸರ್ವಿಸ್ ರಿಜಿಸ್ಟರಿನಲ್ಲಿ ಇನ್‌ಕ್ರಿಮೆಂಟು, ರಜೆ, ವರ್ಗಾವಣೆ ಇರುತ್ತದೆ ಹೊರತು ಕೆಲಸ ಇರುವುದಿಲ್ಲ. ಕೆಇಬಿ ಅನ್ನುವ ಹೆಸರೇ ನಡುವೆ ಹೋಗಿ 1999ರಲ್ಲಿ ಕೆಪಿಟಿಸಿಎಲ್, 2002ರಲ್ಲಿ ಬೆಸ್ಕಾಂ ಆಯಿತು. ಮಾವನವರು ಮೂರಕ್ಕೂ ಕೆಇಬಿ ಅಂತಲೇ ಅನ್ನುತ್ತಿದ್ದರು, ಊರು ಈಗಲೂ ಅನ್ನುತ್ತದೆ.

ಅವರ ಜೊತೆ ಗ್ಯಾಂಗ್‌ಮನ್ ಆಗಿದ್ದ ಹಿರಿಯರೊಬ್ಬರು ಪಕ್ಕದ ಹಳ್ಳಿಯಲ್ಲಿದ್ದಾರೆ. ಮನೆಗೆ ಹೋಗಿ ಕೇಳಿದರೆ “ಭಾಳ ಒಳ್ಳೇ ಮನುಷ್ಯ” ಅನ್ನುವುದು ಬಿಟ್ಟು ಮಾತು ಮುಂದೆ ಹೋಗಲಿಲ್ಲ. ಹೊರಗೆ ಬಂದು ಬೀಳ್ಕೊಡುವಾಗ ಎದುರಿಗಿದ್ದ ಟಿಸಿ (ಟ್ರಾನ್ಸ್‌ಫಾರ್ಮರ್) ನೋಡಿ, “ಇದನ್ನ ಹತ್ತಿಸಿದ್ದು ನಾನೂ ಅವರೂ, ಟ್ರ್ಯಾಕ್ಟರ್ ಹಗ್ಗ ಕಿತ್ತು...” ಅಂತ ಶುರುಮಾಡಿದರು. ನನಗೆ ದಾರಿ ಸಿಕ್ಕಿತು. ಮಾತಾಡಲು ಮನೆ ಜಾಗವಲ್ಲ, ಲೈನು ಜಾಗ. ಮುಂದಿನ ಸಲ ಬೆಳಿಗ್ಗೆ ಹೋಗಿ, ಅವರ ಜೊತೆ ಹಳೇ ಫೀಡರ್ ಲೈನು ಹಿಡಿದು ನಡೆದೆ. ತೆಂಗಿನ ತೋಟ, ಕಡಲೆಕಾಯಿ ಹೊಲ, ಕೆರೆ ಏರಿ, ಟಿಸಿಯಿಂದ ಟಿಸಿಗೆ. ಪ್ರತಿ ಕಂಬಕ್ಕೂ ಒಂದು ಮಾತು. ದಾರಿಯಲ್ಲಿ ಸಿಕ್ಕ ರೈತರೂ ಸೇರಿಕೊಂಡರು, ನಾನು ಕೇಳುವುದೇ ಬೇಡವಾಯಿತು, ಫೋನ್ ಹಿಡಿದುಕೊಂಡು ನಡೆದೆ ಅಷ್ಟೇ. ನೀವು ಬರೆಯುತ್ತಿರುವವರು ಪೋಸ್ಟ್‌ಮನ್ ಆಗಿದ್ದರೆ ಅವರ ಬೀಟ್ ನಡೆಯಿರಿ, ನೀರುಗಂಟಿಯಾಗಿದ್ದರೆ ಕಾಲುವೆ ಹಿಡಿಯಿರಿ. ನನ್ನ ಇಡೀ ಕೆಲಸದಲ್ಲಿ ಇದೊಂದು ಉಪಾಯ ನನಗೆ ಕೊಟ್ಟಷ್ಟನ್ನು ಬೇರೆ ಯಾವುದೂ ಕೊಡಲಿಲ್ಲ.

ಎಲ್ಲರೂ ಹೇಳಿದ ಒಂದು ವಿಷಯ ಅವರ ಬೀಗ. 11 ಕೆವಿ ಲೈನಿನಲ್ಲಿ ಕೆಲಸ ಮಾಡಬೇಕಾದರೆ ಸ್ಟೇಷನ್ನಿನಿಂದ ಎಲ್‌ಸಿ ತೆಗೆದುಕೊಳ್ಳಬೇಕು, ಅಂದರೆ ಲೈನ್ ಕ್ಲಿಯರ್, ಲೈನು ಬಂದ್ ಮಾಡಿದೆ ಅನ್ನುವ ಒಪ್ಪಿಗೆ. ಈಗ ಫೋನಿದೆ. ಆಗ ಸೈಕಲ್ಲಿನಲ್ಲಿ ಒಬ್ಬ ಹೋಗಿ ಚೀಟಿ ತರಬೇಕಿತ್ತು. ಚೀಟಿ ಬಂದರೂ ಮಾವನವರು ಕಂಬ ಹತ್ತುತ್ತಿರಲಿಲ್ಲ. ಲೈನು ಬಂದ್ ಮಾಡುವ ಜಿಒಎಸ್ ಸ್ವಿಚ್ಚಿನ ಹ್ಯಾಂಡಲ್ ಕೆಳಗೆಳೆದು ತಮ್ಮದೇ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಮೂರೂ ತಂತಿಗೆ ಚೈನ್ ಬಿಗಿದು ನೆಲಕ್ಕೆ ಸೇರಿಸಿ ಅರ್ತ್ ಮಾಡಿ, ಆಮೇಲೆ ಕಾಲಿಡುವುದು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ. ಮೋಟರು ನಿಂತು ಬತ್ತಕ್ಕೆ ನೀರು ಹೋಗದ ರೈತರು ಕೆಳಗೆ ನಿಂತು ಬಯ್ಯುತ್ತಿದ್ದರು: “ಏನ್ ಮಿಲಿಟರಿ, ಬಾಂಬ್ ಐತಾ ಮೇಲೆ?” ಉತ್ತರ ಕೊಡುತ್ತಿರಲಿಲ್ಲವಂತೆ. ದಬ್ಬಳ ಹಿಡಿದು ಅಂಗಳದಲ್ಲಿ ಮಲಗಿದ್ದ ಮಾವನವರನ್ನು ನೋಡಿದ ನನಗೆ ಉತ್ತರ ಬೇಕಿರಲಿಲ್ಲ. ಪುಸ್ತಕದಲ್ಲಿ ಈ ಎರಡನ್ನೂ ಎದುರುಬದುರು ಪುಟದಲ್ಲಿ ಹಾಕಿದೆ, ನಡುವೆ ವಿವರಣೆ ಬರೆಯಲಿಲ್ಲ.

ಒಳ್ಳೆಯದನ್ನೇ ಆರಿಸಿಕೊಂಡು ಬರೆದಿಲ್ಲ. ಕಾಲೋನಿಯ ಮನೆಗಳಿಗೆ ಬಡವರ ಮನೆಗೆ ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆಯಲ್ಲಿ 40 ವ್ಯಾಟಿನ ಒಂದೊಂದು ಬಲ್ಬು ಹಾಕಿದಾಗ, ಮೊದಲ ಮನೆಯ ಅಜ್ಜಿಯೊಬ್ಬರು ಬಲ್ಬಿಗೆ ಕುಂಕುಮ ಇಡಲು ಹೋದದ್ದು, ಇವರು ಕೆಳಗಿಂದ ಕಿರುಚಿದ್ದು ಎಲ್ಲರೂ ನಗುತ್ತಾ ಹೇಳುವ ಕತೆ. ಆದರೆ ಅದೇ ಕಾಲೋನಿಯ ಒಬ್ಬರು, ಮಗಳ ಮದುವೆ ಹಿಂದಿನ ದಿನ ಹುಕ್ ಹಾಕಿ ಎಳೆದಿದ್ದ ವೈರನ್ನು ಮಾವನವರು ಕಿತ್ತುಕೊಂಡು ಹೋದದ್ದನ್ನು ಇಂದಿಗೂ ಮರೆತಿಲ್ಲ. “ದೊಡ್ಡ ತೋಟದೋರ ಎರಡನೇ ಮೋಟ್ರು ಅವರಿಗೆ ಕಾಣ್ತಿರಲಿಲ್ವಾ?” ಅಂತ ನನ್ನನ್ನೇ ಕೇಳಿದರು. ಲೆಕ್ಕಕ್ಕಿಲ್ಲದ ಪಂಪ್‌ಸೆಟ್ಟುಗಳ ಭಾರಕ್ಕೆ ಬೇಸಿಗೆಯಲ್ಲಿ ಟಿಸಿಗಳು ಸುಡುತ್ತಿದ್ದವು, ಅದು ಯಾರ ಮೋಟರು ಅನ್ನುವುದು ಲೈನ್‌ಮನ್‌ಗೆ ಗೊತ್ತಿರದೆ ಇರುವುದಿಲ್ಲ. ಮಾವನವರು ಉಳ್ಳವರ ತಂಟೆಗೆ ಹೋಗಲಿಲ್ಲ. ಈ ಪ್ಯಾರಾ ತೆಗೆ ಅಂತ ನನ್ನ ಗಂಡ ಹೇಳಿದರು, ನಾನು ತೆಗೆಯಲಿಲ್ಲ. ಅತ್ತೆ ಓದಿಸಿಕೊಂಡು ಕೇಳಿ, “ಇರ್ಲಿ, ಅದು ದಿಟ” ಅಂದದ್ದರಿಂದ ಜಗಳ ಅಲ್ಲಿಗೆ ನಿಂತಿತು. ಮಿಲಿಟರಿ ಕ್ಯಾಂಟೀನಿನ ರಮ್ ಕೋಟಾದ ಬಗ್ಗೆ ಮಾತ್ರ ಒಂದೇ ಸಾಲು ಬರೆದೆ. ಅದನ್ನು ಬರೆಯಲು ಹೊರಟರೆ ಅರ್ಧ ಊರಿನ ಹೆಸರು ಬರೆಯಬೇಕಾಗುತ್ತದೆ.

ಬೀಗದ ಕತೆಗೆ ಹಿಂದೆ ಇನ್ನೊಂದು ಕತೆ ಇದೆ ಅನ್ನುವುದು ಕೊನೆಗೆ ಗೊತ್ತಾಯಿತು. ಮೊದಲಿನಿಂದಲೂ ಅವರು ಬೀಗ ಹಾಕುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಇವರ ಗ್ಯಾಂಗಿನ ಒಬ್ಬರು ಕಂಬದ ಮೇಲೆ ತೀರಿಕೊಂಡರು. ಎಲ್‌ಸಿ ಇತ್ತು, ಸ್ಟೇಷನ್ನಿನಲ್ಲಿ ಲೈನ್ ಬಂದಾಗಿಯೇ ಇತ್ತು. ಆದರೆ ಕರೆಂಟ್ ಹೋಯಿತು ಅಂತ ಒಂದು ಮಿಲ್ಲಿನಲ್ಲಿ ಜನರೇಟರ್ ಹಾಕಿದರು, ಮೇನ್ ಸ್ವಿಚ್ ತೆಗೆದಿರಲಿಲ್ಲ. ಆ ಕರೆಂಟು ಟಿಸಿಯೊಳಗೆ ಹಿಂದಿನಿಂದ ಹೊಕ್ಕಿತು. ಮನೆಗೆ ಬರುವಾಗ 11 ಕೆವಿಯನ್ನು ಇಳಿಸಿ ಕೊಡುವ ಟಿಸಿ, ಹಿಮ್ಮುಖವಾಗಿ ಹೊಕ್ಕಿದ್ದನ್ನು ಅಷ್ಟೇ ಏರಿಸಿಬಿಡುತ್ತದೆ. ತಂತಿಗೆ ಅರ್ತ್ ಹಾಕಿರಲಿಲ್ಲ. ಇನ್ನೊಂದು ಕಂಬದ ಬುಡದಲ್ಲಿ ನಿಂತಿದ್ದವರು ಮಾವನವರು. ನನ್ನ ರೆಕಾರ್ಡಿಂಗುಗಳಲ್ಲಿ ಇದರ ಸೊಲ್ಲೇ ಇಲ್ಲ. ಬಸಂತರ್ ಬಗ್ಗೆ ಕೊನೆಗೂ ಮಾತಾಡಿದವರು ಈ ಕಂಬದ ಬಗ್ಗೆ ಅತ್ತೆಯ ಹತ್ತಿರವೂ ಪೂರ್ತಿ ಮಾತಾಡಿರಲಿಲ್ಲ.

ಬರೆಯುವ ಮೊದಲು ಆ ತೀರಿಕೊಂಡವರ ಮನೆಗೆ ಹೋಗಿ ಅವರ ಹೆಂಡತಿಯನ್ನು ಕೇಳಿದೆ. ಬದುಕಿರುವವರ ಬಗ್ಗೆ ಬರೆಯುವಾಗ ಕೇಳುವುದು ಎಲ್ಲರಿಗೂ ಹೊಳೆಯುತ್ತದೆ, ಸತ್ತವರ ಬಗ್ಗೆಯೂ ಅವರ ಮನೆಯವರನ್ನು ಕೇಳಲೇಬೇಕು. ಆ ಹೆಂಗಸು ಎಲ್ಲವನ್ನೂ ಹೇಳಿದರು, ಕಾಫಿ ಕೊಟ್ಟರು, ಕೊನೆಗೆ “ನಮ್ಮೆಜಮಾನ್ರ ಹೆಸರು ಹಾಕಬೇಡಿ. ಅರ್ತ್ ಹಾಕದೆ ಹತ್ತಿದ್ರು ಅಂತ ಜನ ಓದ್ತಾರೆ, ತಪ್ಪು ಅವರದೇ ಅಂತಾರೆ” ಅಂದರು. ಆ ಯೋಚನೆ ನನಗೆ ಬಂದಿರಲಿಲ್ಲ. ಘಟನೆ ಬರೆದು ಹೆಸರು ಬಿಟ್ಟೆ.

ಪುಸ್ತಕ 32 ಪುಟ ಆಯಿತು. ತಾಲ್ಲೂಕಿನ ಪ್ರೆಸ್ಸಿನಲ್ಲೇ ಅಚ್ಚು, ಬೆಲೆ ಇಟ್ಟಿಲ್ಲ. ಸೈನ್ಯಕ್ಕೆ 9 ಪುಟ, ಲೈನಿಗೆ 19. ಮುಖಪುಟಕ್ಕೆ ಯೂನಿಫಾರ್ಮಿನ ಸ್ಟುಡಿಯೋ ಫೋಟೋನೇ ಬೇಕು ಅಂತ ಮಕ್ಕಳು ಹಟ ಹಿಡಿದರು, ಬಿಟ್ಟುಕೊಟ್ಟೆ. ಹಿಂಬದಿಗೆ ಆ ಕಟಿಂಗ್ ಪ್ಲೇಯರ್ ಹಾಕಿಸಿದೆ. ತಿಥಿಗೆ ಬಂದ ಮಾಜಿ ಸೈನಿಕರು ಮೊದಲು ಮೆಡಲ್ಲಿನ ಪುಟ ತೆರೆದು ನೋಡಿದ್ದನ್ನು ಮೈದುನನಿಗೆ ಕಣ್ಣಲ್ಲೇ ತೋರಿಸಿದೆ.

ಪುಸ್ತಕ ಹಂಚಿದ ಮೇಲೆ ತೀರಿಕೊಂಡ ಗ್ಯಾಂಗ್‌ಮನ್ ಅವರ ಮಗ ಬಂದಿದ್ದ. ಅಪ್ಪ ಹೋದಾಗ ಅವನಿಗೆ ನಾಲ್ಕು ವರ್ಷವಂತೆ. “ನಿಮ್ಮ ಮಾವನ ಹೆಸರು ಎಲ್ಲಾ ಪುಟದಾಗೂ ಐತೆ, ನಮ್ಮಪ್ಪಂದು ಒಂದು ಕಡೆ ಇಲ್ವಲ್ಲ ಅಕ್ಕ” ಅಂದ. ನಿಮ್ಮಮ್ಮನೇ ಬೇಡ ಅಂದಿದ್ದು ಅಂದೆ. ಅವನಿಗೆ ಅದು ಗೊತ್ತಿರಲಿಲ್ಲ. ಮನೆಗೆ ಹೋಗಿ ಕೇಳಿದ್ದಾನೆ, ಅಮ್ಮ ಈಗಲೂ ಬೇಡ ಅನ್ನುತ್ತಿದ್ದಾರೆ, ಮಗ ಬೇಕೇ ಬೇಕು ಅನ್ನುತ್ತಿದ್ದಾನೆ. ಪ್ರತಿಗಳು ಮುಗಿದಿವೆ, ಪ್ರೆಸ್ಸಿನವರು ಎರಡನೇ ಸಲ ಯಾವಾಗ ಅಂತ ಕೇಳುತ್ತಿದ್ದಾರೆ. ತಾಯಿ ಮಗ ಇಬ್ಬರೂ ಒಂದು ಮಾತಿಗೆ ಬಂದು ಹೇಳಲಿ ಅಂತ ಕಾಯುತ್ತಿದ್ದೇನೆ.